ದುಡ್ಡಿದ್ರೂ ನದಿಗೆ ಜಾಗ ಬಿಟ್ಟುಕೊಟ್ಟ ನೆದರ್‌ಲ್ಯಾಂಡ್ಸ್

(ಸ್ಕ್ರೀನಲ್ಲಿ: ಹಸಿರು ಬಯಲು, ಮಧ್ಯ ಒಂದು ಮಣ್ಣಿನ ದಿಬ್ಬ, ಮೇಲೆ ಮನೆ, ಕೊಟ್ಟಿಗೆ)

ಈ ದಿಬ್ಬ ನೋಡಿ ಫ್ರೆಂಡ್ಸ್, ಇದು ತಾನಾಗೇ ಆಗಿದ್ದಲ್ಲ, ಮಣ್ಣು ತಂದು ಸುರಿದು ಸುಮಾರು 6 ಮೀಟರ್ ಎತ್ತರ ಮಾಡಿರೋದು. ಜಾಗ ನೆದರ್‌ಲ್ಯಾಂಡ್ಸಿನ ಓವರ್‌ಡೀಪ್ಸೆ ಪೋಲ್ಡರ್ (ಪೋಲ್ಡರ್ ಅಂದ್ರೆ ಸುತ್ತ ಏರಿ ಕಟ್ಟಿ ನೀರಿಂದ ಕಾಪಾಡಿರೋ ತಗ್ಗು ನೆಲ), ಹೈನುಗಾರಿಕೆ ಮಾಡೋ ರೈತರು ಇರೋ ಊರು. ಪಕ್ಕದ ನದಿ ಉಕ್ಕಿದ್ರೆ ನೀರು ಹೊಲಕ್ಕೇ ಬರ್ಲಿ ಅಂತ ಅಲ್ಲಿ ನದಿ ಏರಿನ ಬೇಕಂತಲೇ ತಗ್ಗಿಸಿದಾರೆ, ಮನೆ ದನ ಎಲ್ಲಾ ದಿಬ್ಬದ ಮೇಲೆ. ಈ ದಿಬ್ಬದ ಐಡಿಯಾ ಕೊಟ್ಟಿದ್ದು ಆ ರೈತರೇ! ಎಲ್ರೂ ಉಳೀಲಿಲ್ಲ, ಎಷ್ಟೋ ಕುಟುಂಬ ಪರಿಹಾರ ತಗೊಂಡು ಊರು ಬಿಟ್ಟು ಹೋದ್ರು. ಅದು ಚಿಕ್ಕ ಮಾತಲ್ಲ.

ಯಾಕೆ ಹೀಗೆ? ಆ ದೇಶದ ಕಾಲು ಭಾಗ ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. 1953ರಲ್ಲಿ ಒಂದೇ ರಾತ್ರಿ ಸಮುದ್ರ ಒಳಗೆ ನುಗ್ಗಿ 1,836 ಜನ ಸತ್ತೋದ್ರು. ಆಮೇಲೆ ಸಮುದ್ರ ತಡೆಯೋಕೆ ದಶಕಗಟ್ಟಲೆ ಕಟ್ಟಿದ್ದೇ ಕಟ್ಟಿದ್ದು. 1997ರಲ್ಲಿ ರಾಟರ್‌ಡ್ಯಾಮ್ ಹತ್ರ ಮಾಸ್ಲಾಂಟ್‌ಕೇರಿಂಗ್ ಅಂತ ಎರಡು ದೈತ್ಯ ಗೇಟು ಬಂತು, ಒಂದೊಂದೂ 210 ಮೀಟರ್ ಉದ್ದ. 2023ರ ಡಿಸೆಂಬರ್ ಬಿರುಗಾಳೀಲಿ ನೀರು ಏರ್ತಿದ್ದಂಗೆ ಅದು ತಾನೇ ಮುಚ್ಕೊಳ್ತು.

ಆದ್ರೆ ಮುಂದಿನ ಬಾಗಿಲು ಭದ್ರ ಮಾಡಿದ್ರೆ ನೀರು ಹಿತ್ಲಿಂದ ಬಂತು. 1995ರಲ್ಲಿ ರೈನ್, ಮಾಸ್ ನದಿಗಳು ಉಕ್ಕಿ ಸುಮಾರು 2.5 ಲಕ್ಷ ಜನರನ್ನ ಮನೆ ಖಾಲಿ ಮಾಡಿಸ್ಬೇಕಾಯ್ತು. ಹವಾಮಾನ ಬದಲಾಗ್ತಾ ಮಳೆ ಇನ್ನೂ ಜೋರಾಗುತ್ತೆ, ಏರಿ ಎತ್ತರ ಮಾಡ್ತಾನೇ ಹೋದ್ರೆ ಒಡೆದ ದಿನ ಅನಾಹುತಾನೂ ಅಷ್ಟೇ ದೊಡ್ದು. ಅದಕ್ಕೇ 'ನದಿಗೆ ಜಾಗ' ಅಂತ ಯೋಜನೆ, ಸುಮಾರು 230 ಕೋಟಿ ಯೂರೋ, 30ಕ್ಕೂ ಹೆಚ್ಚು ಕಡೆ ಕೆಲಸ. ನೈಮೇಖನ್ ಊರಲ್ಲಿ ಏರಿನೇ 350 ಮೀಟರ್ ಹಿಂದಕ್ಕೆ ಸರಿಸಿ ನದಿಗೆ ಇನ್ನೊಂದು ಕಾಲುವೆ ತೋಡಿದ್ರು, ಅದಕ್ಕೋಸ್ಕರ ಸುಮಾರು 50 ಮನೆ ಕೆಡವಿದ್ರು.

ದುಡ್ಡಿದೆ, ಮಾಡ್ತಾರೆ ಬಿಡಿ ಅಂತೀರಾ? ದುಡ್ಡು ಜರ್ಮನಿ ಹತ್ರಾನೂ ಇದೆ. 2021ರ ಜುಲೈ ಮಳೇಲಿ ಅಲ್ಲಿ 180ಕ್ಕೂ ಹೆಚ್ಚು ಜನ ಸತ್ತೋದ್ರು, ಮುನ್ಸೂಚನೆ ಇದ್ರೂ ಆರ್ ಅನ್ನೋ ನದಿಯ ಕಣಿವೇಲಿ ಜನರನ್ನ ಟೈಮಿಗೆ ಹೊರಗೆ ಕಳಿಸ್ಲಿಲ್ಲ. ನೆದರ್‌ಲ್ಯಾಂಡ್ಸಿನ ಲಿಂಬರ್ಗಲ್ಲೂ ಊರುಗಳು ಮುಳುಗಿದ್ವು, ಜೀವ ಯಾವ್ದೂ ಹೋಗ್ಲಿಲ್ಲ. ಆರ್ ಕಣಿವೆ ತುಂಬಾ ಇಕ್ಕಟ್ಟು, ನೀರಿನ ರಭಸಾನೂ ಜಾಸ್ತಿ, ಹಂಗಾಗಿ ಎರಡನ್ನೂ ನೇರವಾಗಿ ಹೋಲಿಸೋದು ತಪ್ಪು, ಆದ್ರೂ ನನಗೆ ಮುಖ್ಯ ಅನ್ಸೋದು ಡಚ್ಚರ ವಾಟರ್‌ಸ್ಖಾಪ್, ಅಂದ್ರೆ ನೀರಿಗೇ ಅಂತ ಇರೋ ಸ್ಥಳೀಯ ಮಂಡಳಿ. 13ನೇ ಶತಮಾನದಿಂದ ಇದೆ, ಈಗ ಒಟ್ಟು 21. ನೀರಿನ ತೆರಿಗೆ ಬೇರೆ, ಎಲೆಕ್ಷನ್ ಬೇರೆ, 4 ವರ್ಷಕ್ಕೊಂದ್ಸಲ ಜನ ವೋಟ್ ಹಾಕ್ತಾರೆ. ಪ್ರವಾಹ ಬಂದಿರ್ಲಿ ಬರದೇ ಇರ್ಲಿ, ಆ ತೆರಿಗೆ ಬಿಲ್ಲು ಮಾತ್ರ ವರ್ಷಾ ವರ್ಷ ಮನೆಗೆ ಬರುತ್ತೆ, ಅದೇ ದುಡ್ಡಲ್ಲಿ ಯಾರೋ ಒಬ್ರು ಇವತ್ತೂ ಏರಿ ಮೇಲೆ ನಡ್ಕೊಂಡು ಬಿರುಕು ಬಿಟ್ಟಿದ್ಯಾ ಅಂತ ನೋಡ್ತಿರ್ತಾರೆ.