ಪಕ್ಕದ ಊರಲ್ಲೂ ಮಳೆ ಬಂತಲ್ಲ?

ನಮಸ್ಕಾರ ಎಲ್ರಿಗೂ. ಇವತ್ತು ಪಿಯುಸಿ ರಿಸಲ್ಟಿನ ಪರ್ಸೆಂಟೇಜ್ ಬಗ್ಗೆ ಮಾತಾಡ್ಬೇಕು ಅಂತಿದ್ದೆ, ಸ್ಕ್ರಿಪ್ಟೂ ರೆಡಿ ಇತ್ತು. ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಹೋದ ವಾರದ ವಿಡಿಯೋದ ಕಾಮೆಂಟ್ ತೆಗ್ದೆ. ತೆಗೀಬಾರದಿತ್ತು.

ಓದ್ತೀನಿ, ಕೇಳಿ. "ಮೇಡಂ, ನಮ್ಮ ಅತ್ತಿಗೆಗೆ ಮೂರು ಸಲ ಅಬಾರ್ಷನ್ ಆಗಿತ್ತು. ಗಂಡನ ರಕ್ತದ ಇಂಜೆಕ್ಷನ್ ಕೊಡಿಸಿದ ಮೇಲೆ ಗಂಡು ಮಗು. ಪ್ರೂಫು ಮನೆ ತುಂಬಾ ಓಡಾಡ್ತಿದೆ. ನೀವು ಲೆಕ್ಕದ ಟೀಚರ್, ಲೆಕ್ಕ ಹೇಳ್ಕೊಂಡಿರಿ." ಕೆಳಗೆ 212 ಲೈಕು. ನನ್ನ ವಿಡಿಯೋಗೇ ಅಷ್ಟು ಬಂದಿಲ್ಲ.

ಮೊದಲನೇದು, ಲೆಕ್ಕದ ಟೀಚರ್ ಅಲ್ಲ ಸ್ವಾಮಿ, ಸಂಖ್ಯಾಶಾಸ್ತ್ರ. ಎರಡನೇದಕ್ಕೆ ಕಪ್ಪೆ ಕಥೆ ಹೇಳ್ಬೇಕು.

ನಮ್ಮಜ್ಜಿ ಊರು ಚನ್ನಗಿರಿ ಕಡೆ. ನಾನು ಆರನೇ ಕ್ಲಾಸಲ್ಲಿದ್ದಾಗ ಒಂದು ವರ್ಷ ಮುಂಗಾರು ಕೈಕೊಡ್ತು, ಊರವರು ಕಪ್ಪೆ ಮದುವೆ ಇಟ್ಕೊಂಡ್ರು. ಎರಡು ಕಪ್ಪೆ ಮೊರದಲ್ಲಿ ಕೂರಿಸಿ, ಅರಿಶಿನ ಹಚ್ಚಿ, ಗಂಡಿನ ಕಡೆಯವರು ಹೆಣ್ಣಿನ ಕಡೆಯವರು ಅಂತ ಜನ ಭಾಗ ಆಗಿ ಬೀಗರ ಜಗಳಾನೂ ಆಡಿದ್ರು. ತಾಳಿ ಕಟ್ಟೋ ಹೊತ್ತಿಗೆ ವರ ಮಹಾಶಯ ಟಣ್ ಅಂತ ಹಾರಿ ಚರಂಡಿಗೆ. ಇನ್ನೊಂದನ್ನ ಹಿಡ್ಕೊಂಡು ಬಂದು ಮುಹೂರ್ತ ಮುಗಿಸಿದ್ರು. ಐದನೇ ದಿನ ಮಳೆ, ಎಂಥಾ ಮಳೆ! ಊರೆಲ್ಲ ಜಯಜಯ. ನಾನು ಅಜ್ಜನ್ನ ಕೇಳ್ದೆ, "ಅಜ್ಜ, ಪಕ್ಕದ ಊರಲ್ಲೂ ಮಳೆ ಬಂತಲ್ಲ? ಅಲ್ಲಿ ಯಾರ ಮದುವೆ ಆಯ್ತು?" ಅಜ್ಜ ಎಲೆಅಡಿಕೆ ಜಗೀತಾ ನನ್ನನ್ನೊಂದು ಸಲ ನೋಡಿ, ಎದ್ದು ಹಿತ್ತಲಿಗೆ ಹೋದ್ರು.

ಇವತ್ತಿನ ಎಪಿಸೋಡ್ ಪೂರ್ತಿ ಈ ಒಂದೇ ಪ್ರಶ್ನೆ. ಪಕ್ಕದ ಊರಲ್ಲೂ ಮಳೆ ಬಂತಲ್ಲ?

ಈಗ ಅತ್ತಿಗೆ ಇಂಜೆಕ್ಷನ್ನಿಗೆ ಬರೋಣ. ಐಡಿಯಾ ಮಾತ್ರ ಚೆನ್ನಾಗೇ ಇದೆ, ಅದನ್ನ ಒಪ್ಕೋತೀನಿ. ಹೊಟ್ಟೆಯಲ್ಲಿರೋ ಮಗು ಅರ್ಧ ಅಪ್ಪನದು. ಬೇರೆಯವರ ಕಿಡ್ನಿ ಹಾಕಿದ್ರೆ ದೇಹ ಆಚೆ ದಬ್ಬೋಕೆ ನೋಡತ್ತೆ, ಹಾಗಿರುವಾಗ ಇದನ್ನ ಒಂಬತ್ತು ತಿಂಗಳು ಹೇಗೆ ಇಟ್ಕೊಳ್ಳತ್ತೆ? 1953ರಲ್ಲಿ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ ಕೇಳಿದ ಪ್ರಶ್ನೆ ಇದು. ಭಾರೀ ಪ್ರಶ್ನೆ. ಆಮೇಲೆ ಬಂದವರು ಅದನ್ನೇ ಹಿಡ್ಕೊಂಡು, ಪದೇ ಪದೇ ಗರ್ಭ ನಿಲ್ಲದೇ ಇರೋ ಹೆಂಗಸರ ದೇಹಕ್ಕೆ ಗಂಡನ ಪರಿಚಯ ಸಾಲದು, ಹಾಗಾಗಿ ಗಂಡನ ರಕ್ತದಿಂದ ಬಿಳಿ ಕಣ ತೆಗೆದು ಹೆಂಡತಿಗೆ ಚುಚ್ಚೋಣ ಅಂದ್ರು. ಹತ್ತು ವರ್ಷ ಒಂದೇ ಬಚ್ಚಲು ಹಂಚ್ಕೊಂಡ ಮೇಲೂ ಪರಿಚಯ ಸಾಲದಂತೆ!

1985ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಮೋಬ್ರೇ ತಂಡ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟ ಮಾಡ್ತು. ಗಂಡನ ಕಣ ತಗೊಂಡ 22 ಜನರಲ್ಲಿ 17 ಜನಕ್ಕೆ ಮಗು. ತಮ್ಮದೇ ಕಣ ವಾಪಸ್ ಚುಚ್ಚಿಸ್ಕೊಂಡ 27 ಜನರಲ್ಲಿ 10. ನೋಡಿ, ಇವರು ಪಕ್ಕದ ಊರನ್ನ, ಅಂದ್ರೆ ಹೋಲಿಸಿ ನೋಡೋಕೆ ಇನ್ನೊಂದು ಗುಂಪನ್ನ, ಬಿಟ್ಟಿರಲಿಲ್ಲ, ಅದಕ್ಕೆ ನನ್ನ ಗೌರವ ಇದೆ. ಆದರೆ ಎಂಥಾ ಊರು? ಇಪ್ಪತ್ತು ಚಿಲ್ಲರೆ ಮನೆ. ಅಷ್ಟು ಮನೆ ಲೆಕ್ಕದಲ್ಲಿ ಪಂಚಾಯ್ತಿ ಮೆಂಬರೂ ಗೆಲ್ಲಲ್ಲ, ಇದರ ಮೇಲೆ ದೇಶ ದೇಶಗಳಲ್ಲಿ ಕ್ಲಿನಿಕ್ಕು ಎದ್ವು.

ಹದಿನಾಲ್ಕು ವರ್ಷ ಆದ್ಮೇಲೆ, 1999ರಲ್ಲಿ, ಕ್ಯಾರಲ್ ಓಬರ್ ತಂಡ ಇದನ್ನೇ ದೊಡ್ಡದಾಗಿ ಮಾಡ್ತು. 183 ಹೆಂಗಸರು. ಯಾರಿಗೆ ಗಂಡನ ಕಣ, ಯಾರಿಗೆ ಬರೀ ಸಲೈನು ಅನ್ನೋದು ಚೀಟಿ ಎತ್ತಿದ ಹಾಗೆ. ಚುಚ್ಚಿಸ್ಕೊಂಡವರಲ್ಲಿ ಗರ್ಭ ಉಳಿದಿದ್ದು 36%. ಸಲೈನಿನವರಲ್ಲಿ? 48%. ಪಕ್ಕದ ಊರಲ್ಲೇ ಜಾಸ್ತಿ ಮಳೆ ಕಣ್ರೀ! 2002ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅನುಮತಿ ಪಡೆದ ಸಂಶೋಧನೆ ಬಿಟ್ಟು ಬೇರೆ ಎಲ್ಲೂ ಇದನ್ನ ಮಾಡಂಗಿಲ್ಲ ಅಂತು. ಆದ್ರೂ ನಮ್ಮ ದೇಶದಲ್ಲಿ ಇವತ್ತಿಗೂ ಪ್ಯಾಕೇಜ್ ಸಿಗತ್ತೆ.

ನನಗೆ ಹೇಗೆ ಗೊತ್ತು ಅಂದ್ರೆ, ನಾನೂ ಚುಚ್ಚಿಸ್ಕೊಂಡವಳೇ.

ಹೌದು. ಎರಡು ಸಲ ಹಾರ್ಟ್‌ಬೀಟ್ ಬಂದು ನಿಂತ್ಹೋಯ್ತು, ಒಂದು ಸಲ ಬರಲೇ ಇಲ್ಲ. ಬೆಂಗಳೂರಿನ ಒಂದು ಕ್ಲಿನಿಕ್, ಹೆಸರು ಬೇಡ. ನಮ್ಮೆಜಮಾನ್ರು ಮೊಣಕೈ ಒಳಗೆ ಹತ್ತಿ ಒತ್ಕೊಂಡು, ಏನೋ ದೊಡ್ಡ ದಾನ ಮಾಡಿದ ಮುಖದಲ್ಲಿ ಕೂತಿದ್ರು. ನನ್ನ ಎಡಗೈ ಮುಂಗೈ ಮೇಲೆ ನಾಲ್ಕು ಕಡೆ ಚುಚ್ಚಿದ್ರು. ರಾತ್ರಿಗೆ ಕಟ್ಟಿರುವೆ ಕಚ್ಚಿದ ಹಾಗೆ ಊದ್ಕೊಂಡು, ವಾರ ಪೂರ್ತಿ ತುರಿಕೆ. ಕೌನ್ಸೆಲರ್ ಹುಡುಗಿ "ಮೇಡಂ, ನಮ್ದು 65% ಸಕ್ಸೆಸ್" ಅಂದ್ಲು. ನಾನು ಕೇಳ್ದೆ, "ಏನೂ ಮಾಡಿಸ್ದೇ ಸುಮ್ನೆ ಮನೇಲಿದ್ರೆ ಎಷ್ಟಮ್ಮ?" ಆ ಮಗು ಫೈಲು ಮುಚ್ಚಿ, "ಮೇಡಂ, ಪಾಸಿಟಿವ್ ಆಗಿ ಯೋಚ್ನೆ ಮಾಡಿ" ಅಂತು.

ಉತ್ತರ ನಾನು ಆಮೇಲೆ ಹುಡುಕ್ಕೊಂಡೆ. 2015ರಲ್ಲಿ ಪ್ರಾಮಿಸ್ ಅಂತ ಒಂದು ಟ್ರಯಲ್ ಬಂತು, ಬ್ರಿಟನ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಮಾಡಿದ್ದು. ಕಾರಣ ಗೊತ್ತಾಗದೆ ಮೇಲಿಂದ ಮೇಲೆ ಗರ್ಭ ಹೋದ 836 ಹೆಂಗಸರು. ಅರ್ಧ ಜನಕ್ಕೆ ಗರ್ಭ ನಿಲ್ಲೋಕೆ ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನು, ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಡಮ್ಮಿ. ಪ್ರೊಜೆಸ್ಟರಾನ್‌ನವರಲ್ಲಿ 65.8% ಜನಕ್ಕೆ ಮಗು ಆಯ್ತು. ಡಮ್ಮಿಯವರಲ್ಲಿ 63.3%. ಡಮ್ಮಿ ರೀ! 65% ಸಕ್ಸೆಸ್ ಅಂತ ಬೋರ್ಡ್ ಹಾಕ್ಕೊಳ್ಳೋಕೆ ಕ್ಲಿನಿಕ್ಕೇ ಬೇಕಾಗಿಲ್ಲ, ಬಾಗಿಲಿಗೆ ಬೀಗ ಹಾಕಿದ್ರೂ ಹೆಚ್ಚುಕಮ್ಮಿ ಅಷ್ಟೇ ಬರತ್ತೆ.

ಅದೇ ಕ್ಲಿನಿಕ್ಕಲ್ಲಿ ಎನ್‌ಕೆ ಸೆಲ್ ಟೆಸ್ಟೂ ಆಯ್ತು. ನ್ಯಾಚುರಲ್ ಕಿಲ್ಲರ್, ರೋಗದ ವಿರುದ್ಧ ಹೋರಾಡೋ ಒಂದು ಥರದ ಬಿಳಿ ಕಣ. ಹೆಸರಿಟ್ಟ ಪುಣ್ಯಾತ್ಮನಿಗೆ ನಮಸ್ಕಾರ. ರಿಪೋರ್ಟಲ್ಲಿ ಕೆಂಪು ಗೆರೆ ಎಳೆದು, "ನಿಮ್ಮ ದೇಹವೇ ಮಗುವನ್ನ ಕೊಲ್ತಿದೆ" ಅಂದ್ರು. ಆಟೋದಲ್ಲಿ ಮನೆ ತನಕ ಅತ್ತಿದೀನಿ. ಈಗ ಕೇಳಿ: ರಕ್ತದಲ್ಲಿರೋ ಎನ್‌ಕೆ ಕಣವೇ ಬೇರೆ, ಗರ್ಭಕೋಶದಲ್ಲಿರೋದೇ ಬೇರೆ. ಗರ್ಭಕೋಶದವು ಕೊಲ್ಲೋ ಕೆಲಸಕ್ಕಿಂತ ಜಾಸ್ತಿ ಮಾಸು ಬೇರೂರುವಾಗ ರಕ್ತನಾಳ ಹಿಗ್ಗಿಸೋಕೆ ನೆರವಾಗ್ತವೆ. ಕೇಂಬ್ರಿಡ್ಜಿನ ವಿಜ್ಞಾನಿ ಆಶ್ಲಿ ಮಾಫೆಟ್ ವರ್ಷಗಳಿಂದ ಇದನ್ನೇ ಹೇಳ್ತಿದಾರೆ. ತೋಳಿನ ರಕ್ತ ತೆಗೆದು ಗರ್ಭಕೋಶದ ಜಾತಕ ಬರೆಯೋದು ಅಂದ್ರೆ, ತುಂಗಭದ್ರಾ ಡ್ಯಾಮ್ ಎಷ್ಟು ತುಂಬಿದೆ ಅಂತ ನಮ್ಮನೆ ನೀರಿನ ಸಂಪ್ ಒಳಗೆ ಕೋಲು ಇಳಿಸಿ ನೋಡಿದ ಹಾಗೆ.

ತಡೀರಿ, ಈಗಲೇ ಟೈಪ್ ಮಾಡೋಕೆ ಶುರು ಮಾಡಿರ್ತಾರೆ. "ಹಾಗಾದ್ರೆ ಇಮ್ಯೂನಿಟಿ ಎಲ್ಲಾ ಸುಳ್ಳಾ?" ಅಲ್ಲ. ಆಂಟಿಫಾಸ್ಫೋಲಿಪಿಡ್ ಅಂತ ಒಂದು ತೊಂದರೆ ಇದೆ, ನಿಜವಾದದ್ದು; ದೇಹದ ಆಂಟಿಬಾಡಿಗಳೇ ರಕ್ತ ಹೆಪ್ಪುಗಟ್ಟೋ ಹಾಗೆ ಮಾಡ್ತವೆ. 1997ರಲ್ಲಿ ಅದೇ ಸೇಂಟ್ ಮೇರೀಸ್‌ನಲ್ಲಿ, ಬರೀ ಆಸ್ಪಿರಿನ್ ತಗೊಂಡವರಲ್ಲಿ 42% ಜನಕ್ಕೆ ಮಗು, ಜೊತೆಗೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯೋ ಹೆಪಾರಿನ್ ಕೊಟ್ಟವರಲ್ಲಿ 71%. ಪಕ್ಕದ ಊರು ಒಣಗಿತ್ತು, ಇಲ್ಲಿ ಮಳೆ ಬಂತು. ಇಂಥದ್ದಕ್ಕೆ ನಾನು ಕೈ ಮುಗೀತೀನಿ. ಡಾಕ್ಟ್ರು ಹೆಪಾರಿನ್ ಬರೆದಿದ್ರೆ ನನ್ನ ಮಾತು ಕೇಳಿ ಯಾರೂ ನಿಲ್ಲಿಸ್ಬೇಡಿ ತಾಯಂದಿರಾ, ನಮ್ಮಮ್ಮನಾಣೆ.

"ಜಪಾನಿನ ಐವಿಐಜಿ ಟ್ರಯಲ್ ಬಗ್ಗೆ ಹೇಳಿ ಮೇಡಂ." ಹೇಳ್ತೀನಿ. ಐವಿಐಜಿ ಅಂದ್ರೆ ದಾನಿಗಳ ರಕ್ತದಿಂದ ತೆಗೆದ ಆಂಟಿಬಾಡಿ, ಅಂದ್ರೆ ಇಮ್ಯುನೋಗ್ಲಾಬುಲಿನ್, ಡ್ರಿಪ್ಪಲ್ಲಿ ಕೊಡೋದು. 2022, ನಾಲ್ಕು ಅಥವಾ ಜಾಸ್ತಿ ಸಲ ಕಳ್ಕೊಂಡವರು, ಒಟ್ಟು ನೂರು ಚಿಲ್ಲರೆ ಜನ. ಇಮ್ಯುನೋಗ್ಲಾಬುಲಿನ್ ಕೊಟ್ಟವರಲ್ಲಿ 58% ಜನಕ್ಕೆ ಮಗು, ಕೊಡದವರಲ್ಲಿ 35%. ಒಳ್ಳೇದು. ಮೋಬ್ರೇ ಅವರದೂ ಒಳ್ಳೇದೇ ಇತ್ತು 1985ರಲ್ಲಿ. ಇನ್ನೊಬ್ಬರು ಮಾಡಿ ತೋರಿಸಲಿ, ನಾನೇ ಮೈಸೂರ್‌ಪಾಕ್ ಹಂಚ್ತೀನಿ. ಮುಂದೆ ಹೋಗೋಣ.

ಮುಂದೆ ಹೋಗೋ ಮೊದಲು, ಮಗ್ ನೋಡಿದ್ರಾ? "ಪಕ್ಕದ ಊರಲ್ಲೂ ಮಳೆ ಬಂತಲ್ಲ?" ಅಂತ ಪ್ರಿಂಟ್ ಹಾಕ್ಸಿದೀನಿ, ಕೆಳಗೊಂದು ಕಪ್ಪೆ. 349 ರೂಪಾಯಿ, ಲಿಂಕು ಕೆಳಗಿದೆ. ಮೆಂಬರ್‌ಶಿಪ್ ತಗೊಂಡವರಿಗೆ 299. ಕಪ್ಪೆ ಬಿಡಿಸಿದ್ದು ನನ್ನ ಮಗಳು, ಎರಡನೇ ಕ್ಲಾಸು. ಹೂಂ, ಮಗಳು. ನಾಲ್ಕನೇ ಸಲ, ಆ ಇಂಜೆಕ್ಷನ್ ಆದ್ಮೇಲೆ, ಒಂಬತ್ತನೇ ವಾರಕ್ಕೆ ಹೋಯ್ತು. ಐದನೇ ಸಲ ಯಾವ ಇಂಜೆಕ್ಷನ್ನೂ ಇಲ್ಲ, ಇವಳು ಬಂದ್ಲು. ಇದನ್ನ ಪ್ರೂಫ್ ಅಂತ ನಾನೂ ಹೇಳಬಾರದು, ಗೊತ್ತು. ಹೇಳ್ತಿಲ್ಲ. ಆದ್ರೆ ನಿಮ್ಮ ಅತ್ತಿಗೆ ಒಬ್ಬರು ಪ್ರೂಫ್ ಆದ್ರೆ ನಾನೂ ಪ್ರೂಫೇ, ಒಂದಕ್ಕೊಂದು ವಜಾ.

ಅದೇ ಕಾಮೆಂಟ್ ಓದಿ ತಲೆ ಬಿಸಿ ಆಗಿರುವಾಗಲೇ ನಮ್ಮ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ಲು. ಅವಳ ಮಗನಿಗೆ ನಾಲ್ಕು ವರ್ಷ, ಆಟಿಸಂ ಅಂತ ಹೇಳಿದಾರೆ. ಯಾವುದೋ ಸೆಂಟರ್‌ನವರು ಮೆದುಳಿನ ಕಲರ್ ಕಲರ್ ಫೋಟೋ ಕಳಿಸಿ, "ಎಮ್‌ಆರ್‌ಐ ಮಾಡ್ಸಿ, ಎಲ್ಲಿ ಕೆಂಪಿದೆಯೋ ಅಲ್ಲೇ ಸರಿ ಮಾಡ್ತೀವಿ" ಅಂದಿದಾರಂತೆ. ಇವಳು ಚಿನ್ನ ಅಡ ಇಡೋ ಲೆಕ್ಕ ಹಾಕ್ತಿದಾಳೆ. ಮೆದುಳಲ್ಲಿ ಕೆಂಪು ಎಲ್ಲಮ್ಮ ಇರತ್ತೆ? ಬಣ್ಣ ಹಾಕೋದು ಕಂಪ್ಯೂಟರು. 2009ರಲ್ಲಿ ಅಮೆರಿಕದಲ್ಲಿ ಸತ್ತ ಸಾಲ್ಮನ್ ಮೀನನ್ನ ಸ್ಕ್ಯಾನರಲ್ಲಿ ಮಲಗಿಸಿ, ಮನುಷ್ಯರ ಫೋಟೋ ತೋರಿಸಿ, "ಇವರಿಗೆ ಏನನ್ನಿಸ್ತಿದೆ ಹೇಳು" ಅಂತ ಮೀನನ್ನೇ ಕೇಳಿದ್ರು. ಲೆಕ್ಕ ಎಚ್ಚರದಿಂದ ಮಾಡದೇ ಇದ್ರೆ ಸತ್ತ ಮೀನಿನ ತಲೆಯಲ್ಲೂ ಕೆಂಪು ಹತ್ಕೊಳ್ಳತ್ತೆ ಅಂತ ತೋರಿಸೋಕೇ ಮಾಡಿದ್ದು, 2012ರಲ್ಲಿ ಇಗ್ ನೊಬೆಲ್ ಬಂತು, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚೋ ಸಂಶೋಧನೆಗೆ ಕೊಡೋ ಬಹುಮಾನ. ಅದು ಮೆದುಳಿನ ಚಟುವಟಿಕೆ ನೋಡೋ ಬೇರೆ ಥರದ ಸ್ಕ್ಯಾನು, ಗೊತ್ತು ರೀ. ನಮ್ಮ ಬಂಗುಡೆ ಮೀನು ಮಲಗಿಸಿದ್ರೂ ಅದೇ ಗತಿ.

ಆಟಿಸಂ ಇರೋರ ಮೆದುಳು ಬೇರೆಯವರದಕ್ಕಿಂತ ಬೇರೆ ಇದೆಯಾ? 1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದಾಗಲೇ ಐದು ಮಕ್ಕಳ ತಲೆ ಸ್ವಲ್ಪ ದೊಡ್ಡದು ಅಂತ ಗುರುತು ಹಾಕಿದ್ರು. 2011ರಲ್ಲಿ ಎರಿಕ್ ಕೂರ್ಶೆನ್ ತಂಡ, ಆಟಿಸಂ ಇದ್ದ ಹುಡುಗರ ಮೆದುಳಿನ ಮುಂಭಾಗದಲ್ಲಿ 67% ಜಾಸ್ತಿ ನರಕೋಶ ಅಂತು. ಎಷ್ಟು ಹುಡುಗರು? ಏಳು. ಪಕ್ಕದ ಊರಲ್ಲಿ? ಆರು. ತೀರಿಕೊಂಡ ಮಕ್ಕಳ ಮೆದುಳು ಸಿಗೋದೇ ಕಷ್ಟ, ಅವರನ್ನ ಬೈಯಲ್ಲ. ಆರೇಳು ಮಕ್ಕಳ ಲೆಕ್ಕವನ್ನ ಫೋಟೋ ಮಾಡಿ ಮಾರೋರನ್ನ ಬೈತೀನಿ.

ಊರು ದೊಡ್ಡದು ಮಾಡಿ ನೋಡಿದ್ರೆ ಏನಾಗತ್ತೆ? 2016ರಲ್ಲಿ ಸಾವಿರಕ್ಕೂ ಜಾಸ್ತಿ ಜನರ ಸ್ಕ್ಯಾನ್ ಇಟ್ಕೊಂಡು, ಹಳೇ ಪೇಪರುಗಳು ಹೇಳಿದ ವ್ಯತ್ಯಾಸ ಒಂದೊಂದಾಗಿ ಹುಡುಕಿದ್ರು. ಹೆಚ್ಚಿನವು ಸಿಗಲೇ ಇಲ್ಲ. ಕಂಪ್ಯೂಟರಿಗೆ ಸ್ಕ್ಯಾನ್ ಕೊಟ್ಟು "ಇದರಲ್ಲಿ ಆಟಿಸಂ ಯಾರಿಗೆ" ಅಂದ್ರೆ 60% ಕೂಡ ಸರಿ ಹೇಳಲಿಲ್ಲ. ನಾಣ್ಯ ಚಿಮ್ಮಿದ್ರೆ 50 ಬರತ್ತೆ. 2018ರಲ್ಲಿ ಹಲವು ದೇಶಗಳ ಸ್ಕ್ಯಾನ್ ಒಟ್ಟು ಸೇರಿಸಿ ನೋಡೋ ಎನಿಗ್ಮಾ ಗುಂಪು ಮೂರು ಸಾವಿರಕ್ಕೂ ಮೀರಿ ಜನರದ್ದು ನೋಡಿತು: ವ್ಯತ್ಯಾಸ ಇದೆ, ಕೂದಲೆಳೆಯಷ್ಟು. ಎರಡೂ ಊರಿನ ಮನೆ ಒಂದರ ಪಕ್ಕ ಒಂದು ನಿಲ್ಲಿಸಿದ್ರೆ ಯಾವ ಮನೆ ಯಾವ ಊರಿನದು ಅಂತ ಪೋಸ್ಟ್‌ಮ್ಯಾನಿಗೂ ಗೊತ್ತಾಗಲ್ಲ.

"ಆರು ತಿಂಗಳ ಕೂಸಿನ ಸ್ಕ್ಯಾನಲ್ಲೇ ಹೇಳ್ತಾರಂತೆ, 2017ರ ವಿಜ್ಞಾನ ಪತ್ರಿಕೆ ನೇಚರ್‌ನಲ್ಲಿ ಬಂದಿದೆ." ಬಂದಿದೆ. ಅದು ಅಣ್ಣನಿಗೋ ಅಕ್ಕನಿಗೋ ಆಗಲೇ ಆಟಿಸಂ ಇದ್ದ ಕೂಸುಗಳು, ಆರು ತಿಂಗಳಾದಾಗ ಒಂದು, ವರ್ಷ ತುಂಬಿದಾಗ ಒಂದು ಸ್ಕ್ಯಾನ್. ನಮ್ಮ ಚಿಕ್ಕಪ್ಪನ ಮಗಳ ನಾಲ್ಕು ವರ್ಷದ ಹುಡುಗನಿಗೂ ಅದಕ್ಕೂ ಏನು ಸಂಬಂಧ? ಫಿಟ್ಸ್ ಥರ ಬೇರೆ ಕಾರಣ ಇದ್ದು ಡಾಕ್ಟ್ರು ಎಮ್‌ಆರ್‌ಐ ಬರೆದ್ರೆ ಮಾಡಿಸಿ. ಆಟಿಸಂ ಗುರುತಿಸೋದು ಮಗುವಿನ ಜೊತೆ ಕೂತು, ಆಟ ಆಡಿಸಿ, ಅಮ್ಮನ್ನ ಕೇಳಿ. ಮಗುವಿಗೆ ಮಂಪರು ಕೊಟ್ಟು ಕೊಳವೆಗೆ ತಳ್ಳಿ ಅಲ್ಲ.

ಇನ್ನು ಅಮ್ಮ. ನನಗೆ ನಿಜವಾಗ್ಲೂ ಉರಿಯೋದು ಇಲ್ಲಿ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ, ಆಟಿಸಂ ಇರೋ ಕೆಲವು ಮಕ್ಕಳ ಅಮ್ಮಂದಿರ ರಕ್ತದಲ್ಲಿ ಭ್ರೂಣದ ಮೆದುಳಿಗೆ ಅಂಟೋ ಆಂಟಿಬಾಡಿ ಕಂಡುಹಿಡಿದ್ರು. 2008ರ ಅಧ್ಯಯನದಲ್ಲಿ 61 ಅಮ್ಮಂದಿರಲ್ಲಿ ಏಳು ಜನಕ್ಕೆ. 2013ರಲ್ಲಿ, ಅಂಥ ಅಮ್ಮಂದಿರ ಮಕ್ಕಳ ಮೆದುಳು ದೊಡ್ಡದು ಅಂದ್ರು. ಹತ್ತು ಹುಡುಗರು. ಸಂಶೋಧನೆ ಮಾಡಲಿ, ಇನ್ನೂ ಸಾವಿರ ಮಾಡಲಿ. ಆದರೆ ಅದು ವಾಟ್ಸಾಪಿಗೆ ಬರೋ ಹೊತ್ತಿಗೆ "ಆಟಿಸಂ ಬರೋದು ತಾಯಿ ರಕ್ತದಿಂದ" ಅಂತ ಆಗಿರತ್ತೆ. ಐವತ್ತು ಅರವತ್ತರ ದಶಕದಲ್ಲಿ ಇದೇ ಅಮೆರಿಕದವರು ಅಮ್ಮನಿಗೆ ಪ್ರೀತಿ ಇಲ್ಲ, ಫ್ರಿಜ್ಜಿನಂಥ ತಾಯಿ, ಅದಕ್ಕೇ ಆಟಿಸಂ ಅಂತಿದ್ರು. ಈಗ ಫ್ರಿಜ್ಜು ಹೋಯ್ತು, ರಕ್ತ ಬಂತು. ಗರ್ಭ ನಿಲ್ಲಲಿಲ್ವಾ, ಅವಳ ರಕ್ತ. ನಿಂತು ಹುಟ್ಟಿದ ಮಗು ಮಾತಾಡಲಿಲ್ವಾ, ಅವಳ ರಕ್ತ. ಗಂಡಸರ ರಕ್ತ ಮಾತ್ರ ಔಷಧಿ! ಎಂಥಾ ಅನುಕೂಲ!

ಈಗ ನನ್ನ ಗಂಟಲು ಏರಿದೆ, ನೀರು ಕುಡೀತೀನಿ.

ಹಾಂ. 1984ರಲ್ಲಿ ನಾರ್ವೆಯಲ್ಲಿ ಒಂದು ಅಧ್ಯಯನ ಆಗಿತ್ತು. ಕಾರಣ ಸಿಗದ ಹೆಂಗಸರಿಗೆ ಬರೀ ಅಕ್ಕರೆ. ವಾರಕ್ಕೊಮ್ಮೆ ನೋಡೋದು, ಮಾತಾಡಿಸೋದು, ಧೈರ್ಯ ಹೇಳೋದು. 86% ಜನಕ್ಕೆ ಮಗು. ಅಕ್ಕರೆ ಸಿಗದವರಲ್ಲಿ 33%. ನನಗೆ ತುಂಬಾ ಇಷ್ಟವಾದ ಪೇಪರು. ಚೀಟಿ ಎತ್ತಿ ಹಂಚಿದ್ದಾ? ಇಲ್ಲ. ನನ್ನ ವಿದ್ಯಾರ್ಥಿ ಯಾರಾದ್ರೂ ಇದನ್ನ ತಂದಿದ್ರೆ ಮಾರ್ಕ್ಸ್ ಕಟ್ ಮಾಡ್ತಿದ್ದೆ. ಆದ್ರೂ ಹೇಳ್ತೀನಿ, ನನ್ನ ಚಾನೆಲ್ಲು. ಅಕ್ಕರೆ ಮಾಡಿದ್ರೆ ಮುಂಗೈ ಊದ್ಕೊಳ್ಳಲ್ಲ.

ಕಾಮೆಂಟ್ ಹಾಕಿದ ಅಣ್ಣಾ, ನಿಮ್ಮ ಅತ್ತಿಗೆ ಮಗನಿಗೆ ನನ್ನ ಕಡೆಯಿಂದ ಒಂದು ಮುತ್ತು. ನಿಮ್ಮ ವಿಳಾಸ ಮೇಲ್ ಮಾಡಿ, ಒಂದು ಮಗ್ ಫ್ರೀ ಕಳಿಸ್ತೀನಿ. ಬೆಳಿಗ್ಗೆ ಬೆಳಿಗ್ಗೆ ಅದರಲ್ಲೇ ಕಾಫಿ ಕುಡೀರಿ, ಕಪ್ಪೆ ಮುಖ ನೋಡ್ಕೊಂಡು. ಪಿಯುಸಿ ಎಪಿಸೋಡ್ ಭಾನುವಾರ ಲೈವ್‌ನಲ್ಲಿ ಬರತ್ತೆ. ಮತ್ತೆ ಹುಬ್ಬಳ್ಳಿ-ಧಾರವಾಡದವರು, ಕೊರಿಯರ್ ತಡ ಆಗ್ತಿದೆ, ಮೂರು ಮಗ್ ಒಡೆದು ವಾಪಸ್ ಬಂದಿವೆ. ಬೈಕೋಬೇಡ್ರಿ, ಈ ಸಲ ಹುಲ್ಲು ಸುತ್ತಿ ಕಳಿಸ್ತಿದೀನಿ.