ಟಾಫ್ ನದಿಯ ದಡದ ಬೇಸ್‌ಬಾಲ್: ಗ್ರೇಂಜ್ ಆಲ್ಬಿಯನ್ ಕ್ಲಬ್‌ನ ಕಥೆ

[ದೃಶ್ಯ: ಕಾರ್ಡಿಫ್‌ನ ಸೋಫಿಯಾ ಗಾರ್ಡನ್ಸ್ ಕ್ರೀಡಾಂಗಣ, ಪಕ್ಕದಲ್ಲೇ ನದಿ]

ನಮಸ್ಕಾರ. 2011ರ ಸೆಪ್ಟೆಂಬರ್ 16 ನೆನಪಿದೆಯಾ? ನಮ್ಮ ರಾಹುಲ್ ದ್ರಾವಿಡ್ ಕೊನೆಯ ಏಕದಿನ ಪಂದ್ಯ ಆಡಿದ ದಿನ. ಅವತ್ತು ಅವರು 69 ರನ್ ಹೊಡೆದರು. ಪಂದ್ಯ ನಡೆದಿದ್ದು ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನಲ್ಲಿ, ಇದೇ ಮೈದಾನದಲ್ಲಿ.

ಈ ಮೈದಾನದಿಂದ ಹೊರಟು, ಟಾಫ್ ನದಿಯ ಇದೇ ದಡ ಹಿಡಿದು ಸಮುದ್ರದ ಕಡೆಗೆ ನಡೆಯಿರಿ. ಸ್ವಲ್ಪ ಹೊತ್ತಿಗೆ ಗ್ರೇಂಜ್‌ಟೌನ್ ಸಿಗುತ್ತದೆ. ಅಲ್ಲಿ ಬೇಸಿಗೆಯ ಆಟ ಅಂದರೆ ಬರೀ ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ಅಮೆರಿಕದ್ದಲ್ಲ, ವೇಲ್ಸ್‌ನದೇ ಬೇಸ್‌ಬಾಲ್. ಅದನ್ನು ತಲೆಮಾರುಗಳಿಂದ ಹಿಡಿದಿಟ್ಟುಕೊಂಡು ಬಂದ ಕ್ಲಬ್‌ನ ಹೆಸರು ಗ್ರೇಂಜ್ ಆಲ್ಬಿಯನ್.

[ದೃಶ್ಯ: ಸಾಲು ಮನೆಗಳ ಬೀದಿ, ಹಳೆಯ ಹಡಗುಕಟ್ಟೆಯ ಫೋಟೋಗಳು]

ಮೊದಲು ಹೆಸರಿನ ವಿಷಯ. ಮಠದ ಜಮೀನಿಗೆ ಹಿಂದೆ ಅಲ್ಲಿ ಗ್ರೇಂಜ್ ಅನ್ನುತ್ತಿದ್ದರು. ಈ ಜಾಗ ಒಂದು ಕಾಲದಲ್ಲಿ ಮಾರ್ಗಮ್ ಮಠದ್ದು. 19ನೇ ಶತಮಾನದ ಎರಡನೇ ಅರ್ಧದಲ್ಲಿ ಇಲ್ಲಿ ಮನೆಗಳೆದ್ದವು. ಕಾರ್ಡಿಫ್ ಆಗ ಕಲ್ಲಿದ್ದಲಿನ ಬಂದರು. ಹಡಗುಕಟ್ಟೆಯವರು, ರೈಲ್ವೆಯವರು, ಗ್ಯಾಸ್ ಕಾರ್ಖಾನೆಯವರು ಈ ಬೀದಿಗಳಲ್ಲಿ ಗೋಡೆಗೆ ಗೋಡೆ ಅಂಟಿಸಿಕೊಂಡು ಬದುಕಿದರು. ದಿನವಿಡೀ ದುಡಿಯುವ ಜನ. ಕ್ರಿಕೆಟ್ ಆಡಬೇಕೆಂದರೆ ಇಡೀ ದಿನ ಬೇಕು, ರೋಲರ್ ಎಳೆದ ಪಿಚ್ ಬೇಕು, ಪ್ಯಾಡ್ ಬೇಕು, ಬಿಳಿ ಬಟ್ಟೆ ಬೇಕು. ಇವರಿಗೆ ಸಿಗುತ್ತಿದ್ದದ್ದು ಸಂಜೆ ಮಾತ್ರ. ಆದರೆ ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ! ಕೆಲಸ ಮುಗಿಸಿ, ಮುಖ ತೊಳೆದು, ಪಾರ್ಕಿಗೆ ಹೋಗಿ ಒಂದು ಪೂರ್ತಿ ಪಂದ್ಯ ಆಡಬಹುದು. ಈ ಆಟಕ್ಕೆ ಬಡವರ ಕ್ರಿಕೆಟ್ ಅಂತ ಹೆಸರು ಬಂದಿದ್ದರಲ್ಲಿ ಆಶ್ಚರ್ಯವೇನಿದೆ?

[ದೃಶ್ಯ: ಮೈದಾನದ ಚಿತ್ರ, ನಾಲ್ಕು ಪೋಸ್ಟ್‌ಗಳು ಒಂದೊಂದಾಗಿ ಮೂಡುತ್ತವೆ]

ಆಟ ಹೇಗೆ? ಕ್ರಿಕೆಟ್ ಗೊತ್ತಿದ್ದವರಿಗೆ ಅರ್ಧ ಆಟ ಗೊತ್ತಿದ್ದಂತೆಯೇ. ತಂಡಕ್ಕೆ ಹನ್ನೊಂದು ಜನ, ಪ್ರತಿ ತಂಡಕ್ಕೆ ಎರಡು ಇನಿಂಗ್ಸ್. ಚೆಂಡು ಎಸೆಯುವವರನ್ನು ಬೌಲರ್ ಅಂತಲೇ ಕರೆಯುತ್ತಾರೆ. ಆದರೆ ತೋಳನ್ನು ತಲೆಯ ಮೇಲೆ ತಿರುಗಿಸುವ ಹಾಗಿಲ್ಲ, ಸೊಂಟದ ಪಕ್ಕದಿಂದ ಕೆಳಗಿನಿಂದಲೇ ಬೀಸಬೇಕು. ಇದನ್ನು ಮಕ್ಕಳಾಟ ಅಂದುಕೊಳ್ಳಬೇಡಿ. ಚೆಂಡು ನೆಲಕ್ಕೆ ಬೀಳದೆ ಸೀದಾ ಮೈಮೇಲೇ ಬರುತ್ತದೆ, ಯೋಚಿಸಲು ಪುರುಸೊತ್ತೇ ಇರುವುದಿಲ್ಲ. ಬ್ಯಾಟಿನ ಮುಖ ಚಪ್ಪಟೆ. ಓಡಿ ಮುಟ್ಟುವುದಕ್ಕೆ ನೆಲದಲ್ಲಿ ಅಮೆರಿಕದವರ ಹಾಗೆ ಚೌಕದ ಬೇಸ್ ಇಲ್ಲ, ಕಂಬಗಳಿವೆ. ಅವೇ ಪೋಸ್ಟ್‌ಗಳು.

ಈಗ ನನಗೆ ತುಂಬ ಇಷ್ಟವಾದ ಭಾಗ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಗೆರೆಯಾಚೆ ಹೋದ ಹೊಡೆತ ಫೌಲ್ ಬಾಲ್, ಅದಕ್ಕೆ ಓಡುವ ಹಾಗಿಲ್ಲ. ಇಲ್ಲಿ ಫೌಲ್ ಬಾಲ್ ಅನ್ನುವುದೇ ಇಲ್ಲ. ಮುಂದೆ ಹೊಡೆಯಿರಿ, ಪಕ್ಕಕ್ಕೆ ಹೊಡೆಯಿರಿ, ಸುಮ್ನೆ ಬ್ಯಾಟ್ ತಾಗಿಸಿ ಹಿಂದಕ್ಕೆ ಜಾರಿಸಿ, ಎಲ್ಲವೂ ನಡೆಯುತ್ತದೆ. ನಮ್ಮ ಲೇಟ್ ಕಟ್ ಇದ್ದ ಹಾಗೆ. ಹೊಡೆದು ಓಡಿ ಎಷ್ಟು ಪೋಸ್ಟ್ ಮುಟ್ಟುತ್ತೀರೋ ಅಷ್ಟು ರನ್. ಒಂದು ಸುತ್ತು ಪೂರ್ತಿ ಬಂದರೆ ನಾಲ್ಕು. ಎರಡನೇ ಪೋಸ್ಟ್‌ನಲ್ಲೇ ನಿಂತುಬಿಟ್ಟರೆ? ನಿಮಗೆ ಸಿಕ್ಕಿದ್ದು ಎರಡೇ. ಮುಂದಿನವರ ಹೊಡೆತಕ್ಕೆ ನೀವು ಸುತ್ತು ಮುಗಿಸಬಹುದು, ಆದರೆ ಅದಕ್ಕೆ ರನ್ ಇಲ್ಲ. ನಿಮ್ಮ ರನ್ ನಿಮ್ಮ ಹೊಡೆತದಿಂದಲೇ ಬರಬೇಕು.

[ದೃಶ್ಯ: ಹಳೆಯ ಪತ್ರಿಕೆಯ ಪುಟಗಳು]

ಹೊಡೆದು ಸುತ್ತು ಓಡುವ ಈ ಆಟಕ್ಕೆ ಮೊದಲು ರೌಂಡರ್ಸ್ ಅಂತ ಹೆಸರಿತ್ತು. 1892ರಲ್ಲಿ ಲಿವರ್‌ಪೂಲ್ ಮತ್ತು ದಕ್ಷಿಣ ವೇಲ್ಸ್‌ನ ಸಂಘಗಳು ಸೇರಿ ಹೆಸರನ್ನು ಬೇಸ್‌ಬಾಲ್ ಅಂತ ಬದಲಾಯಿಸಿದವು. ಆಟ ಬೇರೂರಿದ್ದು ಕಾರ್ಡಿಫ್, ನ್ಯೂಪೋರ್ಟ್, ಲಿವರ್‌ಪೂಲ್‌ನಲ್ಲಿ. ಮೂರೂ ಬಂದರು ನಗರಗಳು ಅನ್ನುವುದನ್ನು ಗಮನಿಸಿ.

1908ರಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ಮತ್ತು ಇಂಗ್ಲೆಂಡ್ ಮೊದಲ ಸಲ ಎದುರಾದವು. ವೇಲ್ಸ್ 122, ಇಂಗ್ಲೆಂಡ್ 118. ಅಂತರ ನಾಲ್ಕೇ ರನ್, ಅಂದರೆ ಒಬ್ಬ ಬ್ಯಾಟರ್ ಓಡಿ ಬರುವ ಒಂದೇ ಒಂದು ಸುತ್ತು! ಮುಂದೆ ಈ ಪಂದ್ಯ ಬೇಸಿಗೆಯ ಹಬ್ಬವಾಯಿತು. 1948ರಲ್ಲಿ ಕಾರ್ಡಿಫ್ ಕೋಟೆಯ ಅಂಗಳದಲ್ಲಿ ನಡೆದಾಗ 16,000 ಜನ ಸೇರಿದ್ದರು.

[ದೃಶ್ಯ: ಸೆವೆನೋಕ್ಸ್ ಪಾರ್ಕ್, ಸಂಜೆ]

ಅಷ್ಟು ಜನ ಬರಲು ಕಾರಣ ಕೋಟೆಯಲ್ಲ, ಓಣಿಗಳು. ಸ್ಪ್ಲಾಟ್, ರೋತ್, ಗ್ರೇಂಜ್‌ಟೌನ್, ಹೀಗೆ ಒಂದೊಂದು ಪೇಟೆಗೂ ತನ್ನದೇ ತಂಡವಿತ್ತು. ಗ್ರೇಂಜ್‌ಟೌನ್‌ನವರಿಗೆ ಗ್ರೇಂಜ್ ಆಲ್ಬಿಯನ್. ಅವರ ಮನೆ ಸೆವೆನೋಕ್ಸ್ ಪಾರ್ಕ್. ಅಲ್ಲಿ ಗ್ಯಾಲರಿ ಇಲ್ಲ, ಟಿಕೆಟ್ ಇಲ್ಲ. ಹುಲ್ಲಿನ ಅಂಚಿನಲ್ಲಿ ನಿಂತವರು ಆಟಗಾರನ ಅಪ್ಪನೋ ತಂಗಿಯೋ ಪಕ್ಕದ ಮನೆಯವರೋ ಆಗಿರುತ್ತಿದ್ದರು. ಕ್ಯಾಚ್ ಬಿಟ್ಟರೆ ಮರುದಿನ ಅಂಗಡಿಯಲ್ಲೂ ಅದೇ ಮಾತು.

1960ರ ದಶಕದಲ್ಲಿ ಈ ಕ್ಲಬ್‌ನಿಂದ ಪ್ಯಾಡಿ ಹೆನೆಸ್ಸಿ ಬಂದರು. ವೇಲ್ಸ್ ಬೇಸ್‌ಬಾಲ್ ಬೌಲರ್‌ಗಳ ಮಾತು ಬಂದರೆ ಹಳಬರು ಇವತ್ತಿಗೂ ಅವರ ಹೆಸರು ಹೇಳುತ್ತಾರೆ. ಚಳಿಗಾಲದಲ್ಲಿ ರಗ್ಬಿ ಅಥವಾ ಫುಟ್‌ಬಾಲ್, ಬೇಸಿಗೆಯಲ್ಲಿ ಬೇಸ್‌ಬಾಲ್ ಆಡುವುದು ಕಾರ್ಡಿಫ್ ಹುಡುಗರ ರೂಢಿ. ವೇಲ್ಸ್ ರಗ್ಬಿಯ ಮಾರ್ಕ್ ರಿಂಗ್, ಡೇವಿಡ್ ಬಿಷಪ್ ಇಬ್ಬರೂ ಬೇಸ್‌ಬಾಲ್‌ನಲ್ಲೂ ದೇಶಕ್ಕೆ ಆಡಿದವರು. ಬೇಸ್‌ಬಾಲ್ ಜೆರ್ಸಿ, ಚಡ್ಡಿ ನೋಡಿದರೆ ಫುಟ್‌ಬಾಲ್ ತಂಡವೇ ಬ್ಯಾಟ್ ಹಿಡಿದು ಬಂದಂತೆ ಕಾಣುತ್ತದೆ.

ಆಮೇಲೆ ಏನಾಯಿತು? ಹಡಗುಕಟ್ಟೆಯ ಕೆಲಸ ಹೋಯಿತು, ಜನ ಬೇರೆ ಕಡೆ ಮನೆ ಮಾಡಿದರು. ಅದಕ್ಕಿಂತ ಜಾಸ್ತಿ ಪೆಟ್ಟು ಬಿದ್ದಿದ್ದು ಶಾಲೆಗಳಲ್ಲಿ ಅನ್ನುವುದು ನನ್ನ ಅನಿಸಿಕೆ. ಈ ಆಟ ಟಿವಿ ನೋಡಿ ಕಲಿಯುವಂಥದ್ದಲ್ಲ, ಟಿವಿಯಲ್ಲಿ ಬಂದರೆ ತಾನೇ? ಮೇಷ್ಟ್ರು ಕೈಗೆ ಬ್ಯಾಟ್ ಕೊಡಬೇಕು. ಶಾಲೆಗಳಲ್ಲಿ ಆಟ ಕಮ್ಮಿಯಾದಂತೆ ಕ್ಲಬ್‌ಗಳಿಗೆ ಹೊಸ ಹುಡುಗರು ಬರುವುದೂ ಕಮ್ಮಿಯಾಯಿತು. 2015ರಲ್ಲಿ ಇಂಗ್ಲೆಂಡ್ ಹಿಂದೆ ಸರಿಯಿತು, ಪುರುಷರ ಅಂತರರಾಷ್ಟ್ರೀಯ ಪಂದ್ಯ ರದ್ದಾಯಿತು. 1908ರಿಂದ ಬಂದಿದ್ದ ಸಾಲು ಕಡಿಯಿತು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು.

[ದೃಶ್ಯ: ಮಹಿಳೆಯರ ಪಂದ್ಯ, ಬೌಲರ್ ಕೈ ಬೀಸುವ ಕ್ಷಣ]

ಆದರೆ ಆಟ ನಿಂತಿಲ್ಲ. ಕಾರ್ಡಿಫ್‌ನಲ್ಲಿ ಹೆಂಗಸರು ಬಹಳ ಹಿಂದಿನಿಂದಲೂ ಬೇಸ್‌ಬಾಲ್ ಆಡುತ್ತಾ ಬಂದಿದ್ದಾರೆ. ಪುರುಷರ ತಂಡಗಳು ಕರಗುತ್ತಾ ಹೋದಾಗ ಮಹಿಳೆಯರ ಲೀಗ್ ಉಳಿಯಿತು. ಗ್ರೇಂಜ್ ಆಲ್ಬಿಯನ್ ಹೆಸರೂ ಅದರಲ್ಲಿ ಉಳಿಯಿತು. ಅಮ್ಮ ಆಡಿದ ತಂಡಕ್ಕೆ ಮಗಳು ಬರುತ್ತಾಳೆ. ಬೇಸಿಗೆಯ ಸಂಜೆ ಕಂಬಗಳನ್ನು ತಂದು ನೆಡುತ್ತಾರೆ, ಗೆರೆ ನೋಡಿಕೊಳ್ಳುತ್ತಾರೆ. ಬೌಲರ್ ಎರಡು ಹೆಜ್ಜೆ ಮುಂದೆ ಬಂದು ಸೊಂಟದ ಪಕ್ಕದಿಂದ ಕೈ ಬೀಸುತ್ತಾಳೆ. ಬ್ಯಾಟಿನ ಚಪ್ಪಟೆ ಮುಖಕ್ಕೆ ಬಡಿದ ಚೆಂಡು ಹಿಂದಕ್ಕೆ ಜಾರುತ್ತದೆ, ಅವಳು ಓಡುತ್ತಾಳೆ. ಒಂದು ಪೋಸ್ಟ್, ಎರಡು, ಅಂಚಿನಲ್ಲಿ ಯಾರೋ ಕೂಗುತ್ತಾರೆ, ಮೂರು.