ಆ ಹೊತ್ತಿಗೇ ಒಂದು ಮಾತು

ಕೇಳುಗರಿಗೆ ನಮಸ್ಕಾರ. ಈಗ ನೀವು ಅಂಗಡಿಯ ಷಟರ್ ಎತ್ತುತ್ತಿರಬಹುದು, ಇಲ್ಲವೇ ಸೇಡಂ ಕಡೆಗೋ ವಾಡಿ ಕಡೆಗೋ ಡ್ಯೂಟಿಗೆ ಹೊರಟಿರಬಹುದು. ನಿಮ್ಮ ಕೈಕೆಳಗೆ ಇಬ್ಬರೇ ಇದ್ದರೂ ಸರಿ, ಇವತ್ತಿನ ಮಾತು ನಿಮಗೇ.

1998ರಲ್ಲಿ ಮಾರ್ಟಿನ್ ಸೆಲಿಗ್ಮನ್ ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದಾಗ ಒಂದು ತಕರಾರು ಎತ್ತಿದರು. ನಾವು ಬರೀ ಮನಸ್ಸಿನ ರೋಗ ಹುಡುಕುತ್ತಾ ಕೂತಿದ್ದೇವೆ, ಮನುಷ್ಯ ಚೆನ್ನಾಗಿರುವುದು ಹೇಗೆ ಅಂತ ಯಾಕೆ ಓದಬಾರದು? ಅಲ್ಲಿಂದ ಬೆಳೆದದ್ದು ಪಾಸಿಟಿವ್ ಸೈಕಾಲಜಿ. ಹೆಸರು ದೊಡ್ಡದು, ಅಂಜಬೇಡಿ. ನಾನು ಹೇಳೋದು ಒಂದೇ: ಕೆಲಸ ಛಲೋ ಆದಾಗ, ಆ ಹೊತ್ತಿಗೇ, ಏನು ಛಲೋ ಆಯ್ತು ಅಂತ ಬಿಡಿಸಿ ಹೇಳ್ರಿ.

ನಮ್ಮ ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ಹೋಗಿದ್ದೆ. ಏಪ್ರಿಲ್ ತಿಂಗಳು, ಬಿಸಿಲು ಹೆಂಗಿತ್ತು ಅಂತ ನಿಮಗೆ ಹೇಳಬೇಕಿಲ್ಲ. "ಮಂದಿ ನಿಲ್ಲವಲ್ರು ಸರ, ಏನಾರ ಭಾಷಣ ಮಾಡ್ರಿ" ಅಂತ ಸಾಹುಕಾರರು ಕರೆಸಿದ್ದರು. ನಾನು ಅಂಗಳದ ಕಟ್ಟೆ ಮೇಲೆ ಸುಮ್ಮನೆ ಕೂತೆ. ಎಣ್ಣೆ ಸವರಿ, ನೀರು ಹೊಡೆದ ತೊಗರಿಯನ್ನು ಒಣಗಲು ಹರವಿದ್ದರು. ಐವತ್ತು ದಾಟಿದ ಒಬ್ಬ ಹೆಣ್ಣುಮಗಳು ಬಂದು ಒಂದು ಕಾಳು ಬಾಯಿಗೆ ಹಾಕಿ ಕಡಿದಳು. "ಇನ್ನಾ ಹಸಿ ಐತ್ರಿ, ಮತ್ತೊಂದ್ ಬಿಸಲು ಬೇಕು" ಅಂದಳು. ಮುಕಾದಮ ಗೊಣಗಿದ, ಆದರೂ ಮಿಲ್ಲಿಗೆ ಹಾಕಲಿಲ್ಲ. ಕಾಳು ಹಸಿ ಇದ್ದರೆ ಹೊಟ್ಟು ಬಿಡೋದಿಲ್ಲ. ಮತ್ತೆ ಮತ್ತೆ ಉಜ್ಜಿ ಬೇಳೆ ನುಚ್ಚಾಗುತ್ತದೆ. ನುಚ್ಚಿಗೆ ಬೇಳೆಯ ರೇಟು ಎಲ್ಲಿ ಸಿಗಬೇಕು?

"ಆಕಿ ಏನ್ ಕೆಲಸ ಮಾಡ್ತಾಳ್ರಿ?" ಸಾಹುಕಾರರನ್ನು ಕೇಳಿದೆ.

"ತೊಗರಿ ತಿರುವ್ಯಾಡ್ತಾಳ್ರಿ, ಕಸ ಹೊಡೀತಾಳ."

ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಾಳೆ! ಆಕೆಯ ಹಲ್ಲು ಇವರ ರೊಕ್ಕ ಉಳಿಸುತ್ತಿದೆ, ಇವರ ಲೆಕ್ಕದಲ್ಲಿ ಆಕೆಯ ಕೈಯಲ್ಲಿ ಬರೀ ಕಸಬರಿಗೆ.

ಆ ಮಾಲು ಮಿಲ್ಲಿನಿಂದ ಇಳಿದ ದಿನ, ನನ್ನ ಕಾಟ ತಾಳಲಾರದೆ, ಸಾಹುಕಾರರು ಅಂಗಳಕ್ಕೆ ಹೋಗಿ "ಯವ್ವಾ, ಅವತ್ತ ನೀ ತಡದಿದ್ದಕ್ಕ ಈ ಸಲ ನುಚ್ಚು ಕಡಿಮಿ ಬಂತು" ಅಂದರು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು "ಹೌದೇನ್ರಿ" ಅಂದು ಹೊಳ್ಳಿ ಕೆಲಸಕ್ಕೆ ಹೋದಳು. ಖರೆ ಹೇಳ್ತೀನಿ, ನನಗೆ ನಿರಾಸೆ ಆಯಿತು. ಮರುವಾರ ಹೋದರೆ, ಹೊಸದಾಗಿ ಸೇರಿದ ಇಬ್ಬರು ಹುಡುಗಿಯರನ್ನು ಬಾಜೂ ಕೂಡಿಸಿಕೊಂಡಿದ್ದಳು. "ಇದನ್ನ ಕಡೀರಿ. ಈಗ ಇದನ್ನ. ಸಪ್ಪಳ ಬ್ಯಾರೆ ಐತಿಲ್ಲೋ?" ಕಲಿಸು ಅಂತ ಯಾರೂ ಹೇಳಿರಲಿಲ್ಲ.

ವರ್ಷಕ್ಕೊಮ್ಮೆ ಶಾಲು ಹೊದಿಸಿ ಫೋಟೋ ತೆಗೆಸುತ್ತೀರಲ್ಲ, ಅದನ್ನು ನಾನು ಹೇಳುತ್ತಿಲ್ಲ. ಗೋಡೆ ಮೇಲೆ 'ಕಾಯಕವೇ ಕೈಲಾಸ' ಅಂತ ಬರೆಸಿದ್ದೀರಿ, ಬಹಳ ಸಂತೋಷ. ಗೋಡೆ ಮಾತಾಡೋದಿಲ್ಲ, ನೀವು ಮಾತಾಡಬೇಕು. "ಎಲ್ಲಾರೂ ಛಲೋ ಮಾಡೀರಿ" ಅಂದರೆ ಯಾರಿಗೂ ಹೇಳಿದಂಗಾಗಲಿಲ್ಲ. ಏನು ಛಲೋ ಆಯ್ತು ಅಂತ ಬಿಡಿಸಿ ಹೇಳ್ರಿ.

ವೇಳೆ ಆಗುತ್ತಾ ಬಂತು, ಇನ್ನೊಂದು ಲಗೂನೆ ಹೇಳ್ತೀನಿ. ಸೆಲಿಗ್ಮನ್ ಮತ್ತವರ ಜೊತೆಗಾರರು 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ವಾರ, ದಿನಾ ರಾತ್ರಿ, ಅವತ್ತು ನೆಟ್ಟಗಾದ ಮೂರು ಸಂಗತಿ, ಯಾಕೆ ನೆಟ್ಟಗಾದವು ಅನ್ನೋದನ್ನೂ ಬರೆಯಬೇಕು. ಹಾಗೆ ಬರೆದವರ ಮನಸ್ಸು ಆರು ತಿಂಗಳಾದರೂ ಹಗುರವಾಗಿತ್ತು. ಶಿಫ್ಟ್ ಮುಗಿದ ಮೇಲೆ ನೀವೂ ಬರೀರಿ. ಆ ಮೂರರಲ್ಲಿ ಯಾರ ಕೈ ಇದೆಯೋ, ಮರುದಿನ ಮುಂಜಾನೆ ಅವರ ಹತ್ತಿರ ಹೋಗಿ ಹೇಳ್ರಿ.

ಆ ಮುಕಾದಮ ನನ್ನನ್ನು ಗೇಟಿನವರೆಗೆ ಬಿಡಲು ಬಂದವನು ಕೇಳಿದ: "ಸರ, ಹಿಂಗ ಹೊಗಳಿದ್ರ ನಾಳಿಗಿ ಪಗಾರ ಜಾಸ್ತಿ ಕೇಳ್ತಾರಲ್ರಿ?"

ಕೇಳಲಿ. ಆಕೆ ಉಳಿಸಿದ ಬೇಳೆಯ ಲೆಕ್ಕ ಹಾಕಿ ಕೊಡ್ರಿ ಅಂದೆ.

ನಮಸ್ಕಾರ.